ಪ್ರಣಾಳಿಕೆಗೆ ಒಂದು ಸಾಲು ಸೇರಿಸಿದ್ದು

ಲೋಕಸಭೆ ಚುನಾವಣೆಗೆ ಇನ್ನೂ ಒಂದೂವರೆ ತಿಂಗಳಿದೆ ಎನ್ನುವಾಗ, ಒಂದು ಭಾನುವಾರ ಬೆಳಿಗ್ಗೆ, ಹಾಸನದ ನಮ್ಮ ಮನೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ನಾನು ಹಳ್ಳಿಮೈಸೂರಿನಲ್ಲಿ ಕನ್ನಡ ಟೀಚರಾಗಿದ್ದಾಗ ಮೂರು ವರ್ಷ ನನ್ನ ಪಾಠ ಕೇಳಿದವಳು. ಈಗ ಹೊಳೆನರಸೀಪುರದಲ್ಲಿ ವಕೀಲಿಕೆ ಮಾಡುತ್ತಾಳೆ. ಅದರ ಜೊತೆಗೆ, ದೆಹಲಿಯಲ್ಲಿ ವಿರೋಧ ಪಕ್ಷದ ಸಾಲಿನಲ್ಲಿದ್ದ ಒಂದು ಪಕ್ಷಕ್ಕಾಗಿ ಊರೂರು ತಿರುಗುತ್ತಿದ್ದಳು. ಕಾಫಿ ಬೇಡ ಅನ್ನುತ್ತಲೇ ಎರಡು ಲೋಟ ಕುಡಿದು, ಬ್ಯಾಗಿನಿಂದ ಒಂದು ದಪ್ಪ ಫೈಲು ತೆಗೆದು ನನ್ನ ಮುಂದಿಟ್ಟಳು.

"ಮಿಸ್, ಇದು ನಮ್ಮ ಪಕ್ಷದ ಪ್ರಣಾಳಿಕೆ. ಇಂಗ್ಲಿಷಿಂದ ಯಾರೋ ಕನ್ನಡ ಮಾಡಿ ಕಳಿಸಿದಾರೆ. ನಾನು ಲಾ ಓದಿದೀನಿ, ನಂಗೇ ಅರ್ಥ ಆಗ್ತಿಲ್ಲ. ಹಳ್ಳಿ ಜನಕ್ಕೆ ತಿಳಿಯೋ ಹಂಗೆ ಎರಡೇ ಎರಡು ಪುಟ ಬರ್ಕೊಡಿ."

ಮೊದಲ ಪುಟ ತೆರೆದೆ. 'ಅಸಂಘಟಿತ ವಲಯದ ಶ್ರಮಿಕರಿಗೆ ಸಾರ್ವತ್ರಿಕ ಸಾಮಾಜಿಕ ಭದ್ರತಾ ಚೌಕಟ್ಟಿನ ಅನುಷ್ಠಾನವನ್ನು ಖಾತ್ರಿಪಡಿಸಲಾಗುವುದು' ಎಂದಿತ್ತು. ಯಾರು ಯಾರಿಗೆ ಏನು ಕೊಡುತ್ತಾರೆ ಎಂದು ತಿಳಿಯಲು ಮೂರು ಸಲ ಓದಬೇಕಾಯಿತು. ಕ್ಲಾಸಿನಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು 'ಮತ್ತೆ ಬರೆ' ಅನ್ನುತ್ತಿದ್ದೆ.

ನಮ್ಮ ಮನೆಯವರು ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಅವರು ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು, ಆಳುವ ಪಕ್ಷದ ಕಟ್ಟಾ ಅಭಿಮಾನಿ. ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ, ನಮ್ಮನೇಲೇ ಕೂತು ನಮ್ಮ ವಿರುದ್ಧ ಬರೆಸ್ತೀಯಾ?" ಎಂದರು.

"ವ್ಯಾಕರಣ ಮಾತ್ರ ಮಿಸ್‌ದು ಸಾರ್, ಪಕ್ಷ ನಂದು" ಎಂದು ಅವಳು ನಕ್ಕಳು.

ನಾನು ಯಾವ ಪಕ್ಷದವಳೂ ಅಲ್ಲ. ಒಪ್ಪಿಕೊಂಡದ್ದು ಏಕೆಂದರೆ, ನಿವೃತ್ತಿಯಾದ ಮೇಲೆ ನನ್ನ ಹತ್ತಿರ ಕನ್ನಡ ಕೇಳಿಕೊಂಡು ಬಂದವಳು ಅವಳೊಬ್ಬಳೇ. ಆದರೆ ಒಂದು ಷರತ್ತು ಹಾಕಿದೆ. "ನನಗೆ ತಿಳಿಯದೇ ಇರೋದನ್ನ ನಾನು ಬರೆಯಲ್ಲ. ಅಚ್ಚಿಗೆ ಕೊಡೋಕೆ ಮುಂಚೆ ಜನರ ಮುಂದೆ ಓದಬೇಕು. ಅವರಿಗೆ ತಿಳೀಲಿಲ್ಲ ಅಂದ್ರೆ ತಿದ್ದಬೇಕು." ಅವಳು ಹೂಂ ಎಂದಳು.

ಒಂದು ವಾರ ಊಟದ ಮೇಜಿನ ಮುಂದೆ ಕೂತು ಬರೆದೆ. ಬಹಳ ದಿನಗಳ ಮೇಲೆ ಮನಸ್ಸಿಗೆ ಅಷ್ಟು ಹುರುಪು ಬಂದಿತ್ತು. ಮೂರು ಸಲ ಓದಿಸಿಕೊಂಡ ಆ ವಾಕ್ಯ ಕೊನೆಗೆ, 'ಕೂಲಿ ಮಾಡಿ ಬದುಕುವವರಿಗೆ ವಯಸ್ಸಾದ ಮೇಲೆ ಪಿಂಚಣಿ ಸಿಗುವಂತೆ ಕಾನೂನು ಮಾಡುತ್ತೇವೆ' ಎಂದಾಯಿತು. 'ಹಗಲು ಪಾಲನಾ ಕೇಂದ್ರಗಳ ಜಾಲ' ಎಂಬುದು 'ತಾಯಂದಿರು ಕೆಲಸಕ್ಕೆ ಹೋದಾಗ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಊರಿಗೊಂದು ಮನೆ' ಎಂದಾಯಿತು. ಮನೆಯವರು ಆಗಾಗ ಬಂದು ಇಣುಕುತ್ತಿದ್ದರು. "ಇದು ಆಗೋ ಮಾತಲ್ಲ" ಅನ್ನುತ್ತಿದ್ದರು. ಆದರೂ ಒಂದು ಅಲ್ಪವಿರಾಮ ತಪ್ಪಿದ್ದನ್ನು ಅವರೇ ತೋರಿಸಿಕೊಟ್ಟರು.

ಮೊದಲು ಓದಿದ್ದು ಚನ್ನರಾಯಪಟ್ಟಣದ ಹತ್ತಿರ, ಒಂದು ತೆಂಗಿನ ತೋಟದ ಮುಂದಿನ ಜಗಲಿಯಲ್ಲಿ. ಹತ್ತು ಹದಿನೈದು ಜನ ತೆಂಗು ಬೆಳೆಗಾರರು ಕೂತಿದ್ದರು. 'ಕೊಬ್ಬರಿ ಖರೀದಿ ಕೇಂದ್ರ ತೆರೆಯುತ್ತೇವೆ' ಎಂದು ನಾನು ಓದಿದ ತಕ್ಷಣ ಒಬ್ಬರು ಕೈ ಎತ್ತಿದರು. "ತಗೀತೀವಿ ಅಂದ್ರೆ ಸಾಲ್ದು ಕಣಮ್ಮ. ಯಾವಾಗ ಅಂತ ಬರೀರಿ. ನಾವೆಲ್ಲ ಮಾರ್ಕಂಡ್ ಮ್ಯಾಲೆ ಬಾಗ್ಲು ತಗುದ್ರೆ ಯಾರ್ಗ್ ಬೇಕು?" ನಾನು ಅಲ್ಲೇ ಪೆನ್ನು ತೆಗೆದು 'ಕೊಬ್ಬರಿ ಒಡೆಯುವ ಹೊತ್ತಿಗೆ ಸರಿಯಾಗಿ' ಎಂದು ಸೇರಿಸಿದೆ. ಅವರು ಹತ್ತಿರ ಬಂದು, ನಾನು ಬರೆದದ್ದನ್ನು ಬಗ್ಗಿ ನೋಡಿ, ಸರಿ ಎಂದು ಹೋಗಿ ಕೂತರು.

ಅರಕಲಗೂಡಿನಲ್ಲಿ ನನಗೆ ಪಾಠವಾಯಿತು. ಬಸ್ ಸ್ಟ್ಯಾಂಡಿನ ಬಳಿಯ ಒಂದು ಟೀ ಅಂಗಡಿಯ ಮುಂದೆ, ಬಿತ್ತನೆ ಶುಂಠಿ ಒಯ್ಯಲು ಬಂದ ರೈತರಿದ್ದರು. 'ರೈತ ಬೆಳೆದ ಎಲ್ಲ ಬೆಳೆಗೂ ಸರ್ಕಾರ ಗೊತ್ತುಮಾಡಿದ ಬೆಲೆ ಸಿಗುವಂತೆ ಕಾನೂನು' ಎಂದು ಓದಿದೆ.

"ಶುಂಠಿಗೂ ಸಿಕ್ತದಾ ಮೇಡಂ?" ಎಂದು ತಲೆಗೆ ಟವೆಲ್ ಸುತ್ತಿದ್ದ ನಡುವಯಸ್ಸಿನವರು ಕೇಳಿದರು.

ನನ್ನ ವಿದ್ಯಾರ್ಥಿನಿ ಪಕ್ಕಕ್ಕೆ ಹೋಗಿ ಬೆಂಗಳೂರಿನ ಪಕ್ಷದ ಕಚೇರಿಗೆ ಫೋನು ಮಾಡಿದಳು. ಇಂಗ್ಲಿಷ್ ಮೂಲದಲ್ಲಿ ಬೆಳೆಗಳದೇ ಒಂದು ಪಟ್ಟಿ ಇತ್ತು, ಅದರಲ್ಲಿ ಶುಂಠಿ ಇರಲಿಲ್ಲ. 'ಎಲ್ಲ' ಎಂಬ ಮಾತನ್ನು ಸುಲಭ ಮಾಡುವ ಭರದಲ್ಲಿ ಸೇರಿಸಿದವಳು ನಾನು. ನಾಚಿಕೆಯಾಯಿತು. ಅವಳು ವಾಪಸು ಬಂದು, "ಇಲ್ಲ ಅಣ್ಣ, ಶುಂಠಿಗೆ ಇಲ್ಲ" ಎಂದು ನೇರವಾಗಿ ಹೇಳಿದಳು.

ಟವೆಲ್ಲಿನವರು, "ಇಲ್ಲ ಅಂತ ಬಾಯ್ಬುಟ್ಟು ಯೋಳಿದ ಪಾರ್ಟಿಯೋರ್ನ ಈಗ್ಲೇ ಕಣಪ್ಪ ನಾನ್ ನೋಡಿದ್ದು" ಎಂದು ನಕ್ಕು, ನಮಗಿಬ್ಬರಿಗೂ ಟೀ ಹೇಳಿದರು. ವೋಟು ಹಾಕುತ್ತೇನೆ ಎಂದೇನೂ ಹೇಳಲಿಲ್ಲ. ನಾನು 'ಎಲ್ಲ' ಹೊಡೆದುಹಾಕಿ, ಬೆಳೆಗಳ ಹೆಸರುಗಳನ್ನೇ ಬರೆದೆ.

ಮೂರನೆಯದು ಅವಳ ಸ್ವಂತ ಊರಿನಲ್ಲಿ. ಹಳ್ಳಿಮೈಸೂರಿನಿಂದ ಎರಡು ಮೈಲಿ ದೂರದ ಒಂದು ಚಿಕ್ಕ ಹಳ್ಳಿ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ. ಅಷ್ಟು ವರ್ಷ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಹೋಗಿ ಬಂದು ಪಾಠ ಮಾಡಿದವಳು ನಾನು. ಆ ಹುಡುಗಿ ಎಷ್ಟೋ ಸಲ "ನಮ್ಮನೆಗೆ ಬನ್ನಿ ಮಿಸ್" ಎಂದು ಕರೆದಿದ್ದಳು. ನಾನು ಹೇಮಾವತಿ ದಂಡೆಯ ದೇವಸ್ಥಾನದ ಬೀದಿಯಲ್ಲಿ, ಪೂಜಾರಿಗಳ ಮನೆಯಲ್ಲಿ ಬೆಳೆದವಳು, ಅವಳ ಮನೆ ಊರಾಚೆಯ ಕೇರಿಯಲ್ಲಿತ್ತು. ಬಸ್ಸಿಗೆ ಹೊತ್ತಾಯಿತು, ಪೇಪರ್ ತಿದ್ದಬೇಕು, ಎಂದು ಏನಾದರೊಂದು ನೆಪ ಹೇಳುತ್ತಿದ್ದೆ. ಅವಳು ಒಮ್ಮೆಯೂ ಏಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಬಳಿ ಮರ್ಯಾದೆಯ ಉತ್ತರವೂ ಇರಲಿಲ್ಲ.

ಆ ದಿನ ಅವರ ಮನೆಯೊಳಕ್ಕೆ ಮೊದಲ ಸಲ ಕಾಲಿಟ್ಟೆ. ಎರಡು ಕೋಣೆಯ ಅಚ್ಚುಕಟ್ಟಾದ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಅವಳ ಪದವಿಯ ಫೋಟೋ. ಅವಳ ತಾಯಿ ಬೆಳಿಗ್ಗೆಯೇ ಕೂಲಿ ಮುಗಿಸಿ ಬಂದು, ಮುದ್ದೆ, ಬಸ್ಸಾರು, ಹುರುಳಿಕಾಯಿ ಪಲ್ಯ ಮಾಡಿಟ್ಟಿದ್ದರು. ಬಾಗಿಲಲ್ಲೇ ನಿಂತು, "ಟೀಚ್ರಮ್ಮ, ಊಟ ಮಾಡ್ತೀರಾ, ಇಲ್ಲ ಬರೀ ಎಳ್ನೀರು ಕೊಡ್ಲಾ?" ಎಂದು ಕೇಳಿದರು. ನನಗೆ ಎರಡು ದಾರಿಯನ್ನೂ ಅವರೇ ಬಿಟ್ಟುಕೊಟ್ಟಿದ್ದರು.

"ಊಟಾನೇ ಮಾಡ್ತೀನಿ. ಹೊಟ್ಟೆ ಹಸಿದಿದೆ" ಎಂದೆ.

ನಾನು ಎರಡನೇ ಮುದ್ದೆ ಹಾಕಿಸಿಕೊಂಡದ್ದನ್ನು ಕಂಡು ಅವರ ಮುಖ ಅರಳಿತು. ನನಗೂ ಆ ಬಸ್ಸಾರು ಇಪ್ಪತ್ತು ವರ್ಷ ತಡವಾಯಿತಲ್ಲ ಅನ್ನಿಸಿತು.

ಊಟವಾದ ಮೇಲೆ ಮನೆಯ ಮುಂದೆ ಹೊಂಗೆಮರದ ನೆರಳಿನಲ್ಲಿ ಇಪ್ಪತ್ತು ಮಂದಿ ಹೆಂಗಸರು ಸೇರಿದರು. ಹೆಚ್ಚಿನವರ ಮಡಿಲಲ್ಲಿ ಕೂಸುಗಳು. ಈ ಸಲ ನಾನು ಓದಲಿಲ್ಲ, ಆ ಮನೆಯ ಮಗಳೇ ಓದಿದಳು. ಚೆನ್ನಾಗಿ ಓದಿದಳು. ಎಲ್ಲರಿಗೂ ಎಲ್ಲವೂ ತಿಳಿಯಿತು. ನಾನು ಒಳಗೊಳಗೇ ಬೀಗುತ್ತಿರುವಾಗ ಅವಳ ತಾಯಿ ಹಿಂದಿನಿಂದ ಕೇಳಿದರು.

"ಎಲ್ಲ ಸರಿ ಕಣವ್ವ. ಗೆದ್ರೆ ಇದ್ನೆಲ್ಲ ಮಾಡ್ತೀರಿ. ಸೋತ್ರೆ ಏನ್ ಮಾಡೀರಿ?"

ಮಗಳು ಹಾಳೆಯಿಂದ ತಲೆ ಎತ್ತಿದಳು. "ಅವ್ವಾ, ಇದು ಗೆಲ್ಲಕ್ಕೇ ಮಾಡ್ತಿರೋದು."

"ಅದು ನಂಗೂ ಗೊತ್ತು. ಗೆದ್ದೋರೂ ಬರಕ್ಕಿಲ್ಲ, ಸೋತೋರೂ ಬರಕ್ಕಿಲ್ಲ. ನಾವು ಇಲ್ಲೇ ಇರ್ತೀವಲ್ಲ. ಸೋತ್ರೆ ಏನು ಅಂಬೋದ ಯೋಳು."

ಬೇರೆ ಹೆಂಗಸರೂ "ಊಂ, ಅದ ಯೋಳು" ಎಂದರು. ಕೋರ್ಟಿನಲ್ಲಿ ಎದುರಾಳಿ ವಕೀಲರ ಬಾಯಿ ಮುಚ್ಚಿಸುವ ಹುಡುಗಿ, ಹೆತ್ತ ತಾಯಿಯ ಎದುರು ಹಾಳೆ ಮಡಚಿಟ್ಟಳು. ಆಮೇಲೆ ಅವಳು ನೆಲದ ಮೇಲೆ, ಅವರ ಮಧ್ಯೆಯೇ ಹೋಗಿ ಕೂತಳು.

"ಸೋತ್ರೆ ಪಿಂಚಣಿ ಕಾನೂನು ನನ್ನ ಕೈಲಿ ಆಗಲ್ಲ. ಬೆಳೆ ಬೆಲೆನೂ ಆಗಲ್ಲ. ಅದಕ್ಕೆಲ್ಲ ದೆಹಲೀಲಿ ಸರ್ಕಾರ ಬೇಕು. ಮಕ್ಕಳನ್ನ ನೋಡ್ಕೊಳ್ಳೋ ಮನೆ ಐತಲ್ಲ, ಅದು ನಮ್ಮ ಪಂಚಾಯ್ತಿಲೇ ಆಗೋ ಕೆಲ್ಸ. ಸೋತ್ರೂ ಅದನ್ನ ಬಿಡದೆ ಕೇಳಿ ಮಾಡಿಸ್ತೀನಿ."

"ಅಂಗಾರೆ ಅದ್ನೂ ಅದ್ರಲ್ಲಿ ಬರೀರಿ" ಎಂದರು ತಾಯಿ, ನನ್ನ ಕಡೆ ತಿರುಗಿ.

ಬರೆದೆ. 'ಗೆದ್ದರೂ ಸೋತರೂ, ಈ ಊರಿನಲ್ಲಿ ಮಕ್ಕಳ ಮನೆ ಆಗುವವರೆಗೆ ನಾವು ಪಂಚಾಯಿತಿಗೆ ಬರುತ್ತಲೇ ಇರುತ್ತೇವೆ.'

ಹಾಸನದ ಪಕ್ಷದ ಕಚೇರಿಯಲ್ಲಿ ಆ ಸಾಲು ನೋಡಿ ಅಲ್ಲಿನ ಹಿರಿಯರೊಬ್ಬರು ಹೌಹಾರಿದರು. ಬಿಳಿ ಪಂಚೆ ಉಟ್ಟ, ಸೌಮ್ಯ ಮುಖದ ಮನುಷ್ಯ. "ಮೇಡಂ, ಕನ್ನಡ ಅಚ್ಚುಕಟ್ಟಾಗಿದೆ. ಆದ್ರೆ ಚುನಾವಣೆಗೆ ಮುಂಚೆನೇ ನಮ್ಮ ಹಾಳೇಲಿ ಸೋಲು ಅನ್ನೋ ಪದಾನಾ? ಕಾರ್ಯಕರ್ತರು ಏನಂದ್ಕೊಂಡಾರು?"

ನಾನು ವ್ಯಾಕರಣದ ಬಗ್ಗೆ ಮಾತ್ರ ವಾದಿಸಬಲ್ಲೆ. ವಾದಿಸಿದವಳು ನನ್ನ ವಿದ್ಯಾರ್ಥಿನಿ. ಅರ್ಧ ಗಂಟೆ ಬಿಡಲಿಲ್ಲ. "ಆ ಸಾಲು ತೆಗೆದ್ರೆ ನಾನು ನಮ್ಮೂರಿಗೆ ಕಾಲಿಡಕ್ಕಾಗಲ್ಲ ಸಾರ್, ಅಲ್ಲಿ ನಮ್ಮವ್ವ ಇದಾಳೆ" ಎಂದಳು. ಕೊನೆಗೆ ಅವರು ಕೈಚೆಲ್ಲಿದರು. "ನಿಮ್ಮೂರಿಗೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ಹಾಕಿಸ್ಕೊಳ್ಳಮ್ಮ. ನಾನು ನೋಡಿಲ್ಲ ಅಂತ ಇಟ್ಕೊ." ಹಾಗಾಗಿ ಜಿಲ್ಲೆಗೆಲ್ಲ ಒಂದು ಹಾಳೆ, ಆ ಒಂದು ಹಳ್ಳಿಗೆ ಇನ್ನೊಂದು ಹಾಳೆ ಅಚ್ಚಾಯಿತು.

ಮತದಾನದ ದಿನ ನಾನೂ ಮನೆಯವರೂ ಒಂದೇ ಬೂತಿಗೆ ಹೋಗಿ ಬಂದೆವು. ಅವರ ವೋಟು ಯಾರಿಗೆಂದು ಕೇಳಬೇಕಾಗಿಯೇ ಇರಲಿಲ್ಲ. ನನ್ನದನ್ನು ಅವರು ಕೇಳಿದರು, ನಾನು ಹೇಳಲಿಲ್ಲ. ಎಣಿಕೆಯ ದಿನ ಟೀವಿ ಮುಂದೆ ಕೂತಿದ್ದೆವು. ಸಂಜೆಯ ಹೊತ್ತಿಗೆ ದೆಹಲಿಯಲ್ಲಿ ಅವಳ ಪಕ್ಷದ ಸರ್ಕಾರ ಬರುವುದಿಲ್ಲ ಎಂದು ಖಚಿತವಾಯಿತು. ಮನೆಯವರು ಹೋಳಿಗೆ ಮಾಡು ಎಂದು ತಮಾಷೆ ಮಾಡುತ್ತಾರೆಂದುಕೊಂಡಿದ್ದೆ. ಅವರು ಮಾತ್ರ, "ಪಾಪ, ಆ ಹುಡುಗಿಗೆ ಒಂದು ಫೋನ್ ಮಾಡು" ಎಂದರು.

ಮಾಡಿದೆ. "ಬೇಜಾರಾಗಿದೆ ಮಿಸ್" ಎಂದಳು. "ಒಂದೆರಡು ದಿನ ಮಲ್ಕೊಂಡಿರ್ತೀನಿ ಅಂದ್ಕೊಂಡಿದ್ದೆ. ಅವ್ವ ಬಿಡ್ತಿಲ್ಲ. ಪಂಚಾಯ್ತಿ ಮೀಟಿಂಗ್ ಯಾವತ್ತು ಅಂತ ಕೇಳ್ತಾ ಇದಾಳೆ."

ಆಮೇಲಿನದನ್ನು ನಾನು ಕೇಳಿ ತಿಳಿದದ್ದು. ಪಂಚಾಯಿತಿಯಲ್ಲಿ ಬೇರೆ ಪಕ್ಷದವರೇ ಹೆಚ್ಚು. ಜಾಗವಿಲ್ಲ ಎಂಬ ಉತ್ತರ ಬಂತು. ಜಾಗವಿತ್ತು. ಹಳೆಯ ಶಾಲೆಯ ಒಂದು ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿದ್ದರು. ಮಗಳು ಅರ್ಜಿಯ ಮೇಲೆ ಅರ್ಜಿ ಬರೆದಳು. ತಾಯಿ ಅರ್ಜಿ ಬರೆಯಲಿಲ್ಲ. ಪ್ರತಿ ಮೀಟಿಂಗಿನ ದಿನ ಹನ್ನೆರಡು ಹೆಂಗಸರನ್ನು ಕರೆದುಕೊಂಡು ಹೋಗಿ, ಕೂಸುಗಳ ಸಮೇತ ಪಂಚಾಯಿತಿ ಕಚೇರಿಯ ಜಗಲಿಯಲ್ಲಿ ಕೂತರು. ಜಗಳವಿಲ್ಲ, ಘೋಷಣೆಯಿಲ್ಲ. ಮಕ್ಕಳು ಮಾತ್ರ ತಮ್ಮ ಪಾಡಿಗೆ ಒಳಗೆ ಹೋದವು, ಮೇಜಿನ ಕೆಳಗೆ ನುಸುಳಿದವು, ರಿಜಿಸ್ಟರು ಎಳೆದವು. ಒಂದು ಕೂಸು ಅಧ್ಯಕ್ಷರ ಕಾಲು ಹಿಡಿದುಕೊಂಡು ನಿಂತುಬಿಟ್ಟಿತಂತೆ.

"ಎತ್ಕಳಮ್ಮ ಇದ್ನ" ಎಂದರಂತೆ ಅಧ್ಯಕ್ಷರು.

"ಎತ್ಕಂಡೇ ಕೂತಿರಕ್ಕಾದದಾ ಸಾ? ಕೆಲ್ಸಕ್ಕೋಗ್ಬೇಕಲ್ಲ. ಅದ್ಕೇ ಅಲ್ವ ನಾವ್ ಬಂದಿರಾದು" ಎಂದರಂತೆ ಅವಳ ತಾಯಿ.

ನಾಲ್ಕನೆಯ ಮೀಟಿಂಗಿನಲ್ಲಿ ಅಧ್ಯಕ್ಷರೇ ಎದ್ದು ನಿಂತು ಆ ಕೋಣೆ ಕೊಡೋಣ ಎಂದರು. ಅವರಿಗೂ ಆ ಕೂಸುಗಳ ವಯಸ್ಸಿನ ಮೊಮ್ಮಗಳಿದ್ದಳು. ಬೆಂಚು ಸಾಗಿಸಿದರು, ಸುಣ್ಣ ಬಳಿದರು, ಊರಿನ ಇಬ್ಬರು ಹೆಂಗಸರನ್ನು ನೋಡಿಕೊಳ್ಳಲು ನೇಮಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಮಕ್ಕಳ ಮನೆ ಶುರುವಾಯಿತು. ಪಿಂಚಣಿಯ ಕಾನೂನು ಬರಲಿಲ್ಲ. ಅವಳ ತಾಯಿ ಈಗಲೂ ಕೂಲಿಗೆ ಹೋಗುತ್ತಾರೆ. ಅದನ್ನು ನೆನೆದರೆ ನನಗೆ ಪೂರ್ತಿ ಸಮಾಧಾನವೇನಿಲ್ಲ.

ಆ ಮಕ್ಕಳ ಮನೆ ನೋಡಲು ನಾನು ಹೊರಟಾಗ, ಬಸ್ಸು ಬೇಡ, ಕಾರಿನಲ್ಲೇ ಹೋಗೋಣ ಎಂದು ಮನೆಯವರೂ ಹೊರಟರು. ಹದಿಮೂರು ಮಕ್ಕಳಿದ್ದವು. ಚಾಪೆಯ ಮೇಲೆ ಅರ್ಧ ಮಕ್ಕಳು ಮಲಗಿದ್ದವು, ಇನ್ನರ್ಧ ಅಳುತ್ತಿದ್ದವು. ನಾನು ಕತೆ ಹೇಳಲು ಕೂತೆ. ಮನೆಯವರು ಕಿಟಕಿಯ ಚಿಲಕ ಸಡಿಲವಾಗಿದೆ ಎಂದು ಸ್ಕ್ರೂಡ್ರೈವರ್ ಹುಡುಕಿಕೊಂಡು ಬಂದು ಬಿಗಿ ಮಾಡಿದರು. ಅದು ಮುಗಿದ ಮೇಲೆ ಬಾಗಿಲಲ್ಲಿ ನಿಂತು ನನ್ನ ವಿದ್ಯಾರ್ಥಿನಿಯ ತಾಯಿಯ ಜೊತೆ ದೇಶದ ಆಡಳಿತದ ಬಗ್ಗೆ ವಾದಕ್ಕಿಳಿದರು. "ಏನೇ ಹೇಳಿ, ನಮ್ಮೋರ ಥರ ಗಟ್ಟಿ ಆಡಳಿತ ಯಾರೂ ಕೊಡಲ್ಲ" ಎನ್ನುವುದು ಕೇಳಿಸಿತು. "ಇರ್ಲಿ ಬುಡಿ ಸಾ, ನಿಮ್ ವೋಟು ನಿಮ್ಗೆ. ಆ ಇನ್ನೊಂದು ಕಿಟ್ಕೀನೂ ನೋಡ್ಬುಡಿ" ಎಂದರು ಆಕೆ. ಅವರು ಸ್ಕ್ರೂಡ್ರೈವರ್ ಹಿಡಿದು ಆ ಕಿಟಕಿಯ ಕಡೆಗೆ ಹೋದರು.

ವಾಪಸು ಬರುವಾಗ ಹೊಳೆನರಸೀಪುರದ ಸೇತುವೆ ದಾಟಿ ಕಾರು ನಿಲ್ಲಿಸಿದರು. ಹೇಮಾವತಿಯಲ್ಲಿ ನೀರು ಚೆನ್ನಾಗಿತ್ತು. ಇಬ್ಬರೂ ಇಳಿದು ಸ್ವಲ್ಪ ಹೊತ್ತು ನಿಂತೆವು. ಆಚೆ ದಡದಲ್ಲಿ ಯಾರೋ ಎಮ್ಮೆಗಳನ್ನು ತೊಳೆಯುತ್ತಿದ್ದರು.

"ಮುಂದಿನ ವಾರ ಮಕ್ಕಳ ಮನೆಗೆ ಎಷ್ಟು ಹೊತ್ತಿಗೆ ಹೊರಡೋದು?" ಎಂದರು ಮನೆಯವರು.

ಹತ್ತು ಗಂಟೆಗೆ ಎಂದೆ. ಅವರು ಕಾರಿನ ಬಾಗಿಲು ತೆಗೆದರು.