ಧೂಳಿನ ಫೋಟೊ

ಎಲ್ಲ ಕೆಡಲು ಶುರುವಾದದ್ದು ಸಂಜೆ ಏಳೂಮುಕ್ಕಾಲಿಗೆ. ಕ್ಯಾಮೆರಾದ ಬಾಯಿ ತೆರೆದು ಆಗಷ್ಟೇ ಗಡಿಯಾರ ನೋಡಿದ್ದೆ, ಹಾಗಾಗಿ ನೆನಪಿದೆ.

ಆಕಾಶಗಂಗೆಯಲ್ಲಿ, ಶ್ರವಣ ನಕ್ಷತ್ರದ ಮಗ್ಗುಲಿಗೆ, ಮಸಿ ಒರೆಸಿದಂಥ ಕಪ್ಪು ಪಟ್ಟೆಯೊಂದಿದೆ. ಅಲ್ಲಿ ನಕ್ಷತ್ರಗಳಿಲ್ಲವೆಂದಲ್ಲ, ಧೂಳಿನ ಮೋಡ ಅಡ್ಡ ನಿಂತಿದೆ. ಜನ ಮದುವೆಯ ಫೋಟೊ ತೆಗೆಯುತ್ತಾರೆ, ಮಕ್ಕಳ ಫೋಟೊ ತೆಗೆಯುತ್ತಾರೆ. ಬಿ.ಎಸ್ಸಿ. ಮುಗಿಸಿ ಶಿಡ್ಲಘಟ್ಟಕ್ಕೆ ಮೇಷ್ಟರಾಗಿ ಬಂದ ನನಗೆ ಈ ಧೂಳಿನ ಫೋಟೊ ಬೇಕಾಗಿತ್ತು. ಅದಕ್ಕೆ ಸುತ್ತಲೂ ಕತ್ತಲೆ ಇರಬೇಕು. ನನ್ನ ಬಾಡಿಗೆ ಮನೆಯ ಹಿತ್ತಲಿಗೋ ಆ ವರ್ಷವೇ ಕರೆಂಟು ಬಂದಿತ್ತು.

ಬಲ್ಬು ಆರಿಸುವಂತಿರಲಿಲ್ಲ. ಅದಕ್ಕೂ ಮನೆಯೊಡತಿ ನರಸಮ್ಮನವರ ರೇಷ್ಮೆಹುಳುವಿನ ಕೋಣೆಗೂ ಒಂದೇ ಸ್ವಿಚ್ಚು. ಹುಳುಗಳು ಕೊನೆಯ ಜ್ವರ ಮುಗಿಸಿ, ಎಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲಿರುಳೆನ್ನದೆ ಸೊಪ್ಪು ಮೇಯುವ ಕಾಲ.

"ಲೈಟ್ ಬಂತು ಅಂತ ಊರೋರೆಲ್ಲ ಕುಣೀತಾವ್ರೆ. ನೀವೊಬ್ರು ಗೂಬೆ ಹಂಗೆ ಕತ್ಲು ಕತ್ಲು ಅಂತೀರಲ್ಲ ಮೇಷ್ಟ್ರೇ," ಎಂದರು ನರಸಮ್ಮ.

ಹಾಗೆಂದವರೇ, ಸೊಪ್ಪು ಬಾಡದಂತೆ ಹೊದಿಸುವ ಒದ್ದೆ ಗೋಣಿಯನ್ನು ತಂದು ಬಲ್ಬಿನ ತಗಡಿನ ಟೋಪಿಯ ಮೇಲೆ ಇಳಿಬಿಟ್ಟರು. ಹಿತ್ತಲು ಕಪ್ಪಾಯಿತು. ವಿಜ್ಞಾನದ ಮೇಷ್ಟರಿಗೆ ಹಿಗ್ಗಿನಲ್ಲಿ ವಿಜ್ಞಾನ ಹೊಳೆಯಲಿಲ್ಲ.

ಗೋಣಿ ಒಣಗುತ್ತಾ ಬಂದರೆ ನೀರು ಚಿಮುಕಿಸುವುದು ಈ ಊರಿನ ಕೈಗಳಿಗೆ ಉಸಿರಾಟದಷ್ಟು ಅಭ್ಯಾಸ. ನಕ್ಷತ್ರ ಜರುಗಿದಂತೆ ನಾನು ಕ್ಯಾಮೆರಾವನ್ನು ತಿರುಪಿನಿಂದ ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಬೆನ್ನ ಹಿಂದೆ ನರಸಮ್ಮ ಚೊಂಬಿನಿಂದ ಗೋಣಿಗೆ ನೀರು ಹಾಕಿ ಅದುಮಿದರು. ನೀರು ಬಲ್ಬಿನ ಬುಡಕ್ಕಿಳಿಯಿತು. ಅವರು ಕೂಗಲಿಲ್ಲ. ಚೊಂಬು ಬಿದ್ದ ಸದ್ದಿಗೆ ತಿರುಗಿದೆ. ಕೈ ಗೋಣಿಗೆ ಅಂಟಿಕೊಂಡಿತ್ತು, ಮೈ ಅದುರುತ್ತಿತ್ತು.

ಮರದ ಸ್ಟ್ಯಾಂಡನ್ನು ಕ್ಯಾಮೆರಾ ಸಮೇತ ಎತ್ತಿ ಬೀಸಿದೆ. ಗೋಣಿ ಕಳಚಿತು, ಬಲ್ಬು ಒಡೆಯಿತು, ಫ್ಯೂಸೂ ಹೋಯಿತು. ವಾರಗಟ್ಟಲೆ ಬಯಸಿದ್ದ ಕತ್ತಲೆ ಪೂರ್ತಿಯಾಗಿ ಬಂತು. ತಲೆಯ ಮೇಲೆ ಆ ಕಪ್ಪು ಪಟ್ಟೆ ಚೆನ್ನಾಗಿಯೇ ಕಂಡಿರಬೇಕು. ನಾನು ನೆಲದಲ್ಲಿ ನರಸಮ್ಮನವರ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಹುಡುಕುತ್ತಿದ್ದೆ.

ಸಿಕ್ಕಿತು. ಓಡಿಬಂದ ಸೊಸೆಯನ್ನು ಅವರು ಮೊದಲು ಕೇಳಿದ್ದು, "ಹುಳಕ್ಕೆ ಸೊಪ್ಪು ಹಾಕಿದ್ಯೇನೇ?"

ಫಿಲಂ ತೊಳೆಸಿದಾಗ ಬಂದದ್ದು ಒಂದು ಬಿಳಿ ಗೀರು.

ಆಮೇಲೆ ಕಣ್ಣು ಮುಚ್ಚಿದರೆ ಚೊಂಬು ಬೀಳುತ್ತಿತ್ತು. ಗೋಡೆಯಾಚೆ ನಿದ್ದೆಯಿಲ್ಲದೆ ಹೊರಳುವ ನರಸಮ್ಮನವರ ಬಳೆಯ ಸದ್ದೂ ನಿಲ್ಲುತ್ತಿರಲಿಲ್ಲ. ಅವರು ಲಾಟೀನಿನಲ್ಲೇ ಹುಳು ಸಾಕಿದರು. ಈಗ ಹಿತ್ತಲ ತುಂಬ ಕತ್ತಲೆ. ಕ್ಯಾಮೆರಾ ಮಾತ್ರ ಪೆಟ್ಟಿಗೆಯಲ್ಲಿ. ಆಕಾಶದ ಕಪ್ಪಿನ ಹಿಂದೆ ನಕ್ಷತ್ರಗಳಿವೆ ಎಂದು ತರಗತಿಯಲ್ಲಿ ಹೇಳಬಲ್ಲೆ. ಹಿತ್ತಲಿನ ಕಪ್ಪಿಗೆ ಹೋಗಿ ನಿಲ್ಲಲು ಧೈರ್ಯ ಬರಲಿಲ್ಲ.

ಹುಳು ಹಣ್ಣಾಗಿ ಗೂಡು ಕಟ್ಟಿದವು. ಗೂಡು ಮಾರುಕಟ್ಟೆಗೆ ಹೋದ ದಿನ ಹಿತ್ತಲಿಗೆ ಹೊಸ ಬಲ್ಬು, ಬೇರೆ ಸ್ವಿಚ್ಚು ಬಂತು. ನರಸಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು, ಸ್ವಿಚ್ಚು ಒತ್ತಿದರು.

"ಇನ್ನು ನಿಮ್ಗೆ ಬೇಕಾದಾಗ ಆರಿಸ್ಕಳಿ ಮೇಷ್ಟ್ರೇ."

"ಇರ್ಲಿ ಬಿಡಮ್ಮ, ಉರೀಲಿ," ಎಂದೆ.

ಆ ರಾತ್ರಿ ಮಲಗಿದಾಗ ಬೆಳಕು ಕಿಟಕಿಯಿಂದ ನೇರ ನನ್ನ ಮುಖಕ್ಕೇ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ನರಸಮ್ಮನವರ ಗೊರಕೆ ಕೇಳಿಸಿತು. ಅದನ್ನು ಕೇಳುತ್ತಲೇ ಮಲಗಿದವನು ಬೆಳಗಾದ ಮೇಲೆಯೇ ಎದ್ದೆ.