ಮೂರನೆಯ ಗುಂಡಿಯ ಚಿಕ್ಕಬೋರಮ್ಮ

ಪೂರಿಗಾಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೇಷ್ಮೆ ನೂಲು ಬಿಚ್ಚುವ ಶೆಡ್ಡಿನ ಹಿಂದೆ ಚಿಕ್ಕಬೋರಮ್ಮ ಮೂರನೆಯ ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ನೀರಿಗೆ ಚಿಟಿಕೆ ರಾಗಿಹಿಟ್ಟು ಉದುರಿಸುತ್ತಾರೆ. ಆರು ಪಕ್ಕೆ ಮೀನು ಮೇಲೆ ಬರಬೇಕು. ಐದು ಬರುತ್ತವೆ. "ಇನ್ನೊಂದು ಸೋಮಾರಿ ಕಣಪ್ಪ," ಎಂದು ಕಾಯುತ್ತಾರೆ. ಅದೂ ಬಂದ ಮೇಲೆಯೇ ಹಲಗೆ ಎತ್ತಿ ನೀರನ್ನು ಕಾಲುವೆಗೆ ಬಿಡುತ್ತಾರೆ.

ರೇಷ್ಮೆಗೂಡು ಬೇಯಿಸಿದ ನೀರಿನ ನಾತ ಮೂಸಿದವರಿಗೇ ಗೊತ್ತು. ದಿನಕ್ಕೆ ನಲವತ್ತು ಕೊಡ. ಮೊದಲ ಗುಂಡಿಯಲ್ಲಿ ಹುಳುವಿನ ಚೂರು ತಂಗುತ್ತದೆ, ಎರಡನೆಯದರಲ್ಲಿ ಮರಳು, ಇದ್ದಿಲು. ಮೂರನೆಯದು ಮೀನಿಗೆ. "ಮೀನು ಬದುಕುದ್ರೆ ಎಮ್ಮೆನೂ ಬದುಕ್ತದೆ," ಎನ್ನುವುದು ಐವತ್ತೆರಡರ ಈ ಹೆಂಗಸಿನ ಲೆಕ್ಕ. ಯಾವ ಇಂಜಿನಿಯರೂ ಹೇಳಿಕೊಟ್ಟದ್ದಲ್ಲ.

ಮೊದಲು ಒಂಬತ್ತು ವರ್ಷ ಆ ನೀರನ್ನು ನೇರ ಕಾಲುವೆಗೆ ಚೆಲ್ಲಿದವರೂ ಅವರೇ. ಕೆಳಗಿನ ಮನೆಯ ಮುದ್ದಮ್ಮ ಪಾತ್ರೆ ಬೆಳಗಲೂ ದೂರದ ಬಾವಿಗೆ ನಡೆಯಬೇಕಾಯಿತು, ಚಿಕ್ಕಬೋರಮ್ಮನ ಜೊತೆ ಮಾತು ಬಿಟ್ಟರು. ಆಮೇಲೆ ಎಪ್ಪತ್ನಾಲ್ಕರ ನೀರಿನ ಕಾನೂನು ಈ ಶೆಡ್ಡಿನ ಬಾಗಿಲಿಗೂ ಬಂತು. ಸಣ್ಣ ಕಸುಬಿನವರೂ ಹೊಲಸು ನೀರು ಬಿಡಲು ಅನುಮತಿ ಪಡೆಯಬೇಕು, ಇಲ್ಲದಿದ್ದರೆ ಬೀಗ ಎಂದು ಮಾಲೀಕ ಪುಟ್ಟರಾಜು ಅವರಿಗೆ ನೋಟೀಸಾಯಿತು. ಬೀಗ ಬಿದ್ದರೆ ಹದಿನಾಲ್ಕು ಹೆಂಗಸರ ಅನ್ನ ಹೋದಂತೆ. 'ಮಾಡಿದ್ದುಣ್ಣೋ ಮಹಾರಾಯ' ಎಂದು ನಾವೆಲ್ಲ ಪರರಿಗೆ ಹೇಳುತ್ತೇವೆ. ಚಿಕ್ಕಬೋರಮ್ಮ ತಮಗೇ ಹೇಳಿಕೊಂಡರು. "ಕಾಗ್ದ ಬಂದಿದ್ದು ಅವ್ರೆಸ್ರಿಗೆ. ಚೆಲ್ಲಿದ್ದು ನನ್ ಕೈ." ಗುದ್ದಲಿ ಹಿಡಿದು ಗುಂಡಿ ತೋಡಿದರು.

ಹೋದ ವರ್ಷ ಅಧಿಕಾರಿ ಪರೀಕ್ಷೆಗೆ ಬಂದ ದಿನವೇ ಮೀನು ಸತ್ತು ತೇಲಿದವು. ಅವನ್ನು ತೆಗೆದೆಸೆದು ಬಾವಿ ನೀರು ತುಂಬಿಬಿಡು ಎಂದರು ಪುಟ್ಟರಾಜು. ಚಿಕ್ಕಬೋರಮ್ಮ ಕೇಳಲಿಲ್ಲ. ಸತ್ತ ಮೀನುಗಳನ್ನು ಬೊಗಸೆಯಲ್ಲಿ ಹಿಡಿದು ಅಧಿಕಾರಿಯ ಮುಂದೆ ನಿಂತರು. "ಇವತ್ತು ಬುಡಾಂಗಿಲ್ಲ ಸ್ವಾಮಿ. ಮರಳು ಬದ್ಲಾಯಿಸ್ಬೇಕು, ಗುಂಡಿ ಆಳ ಸಾಲ್ದು." ಜೊತೆಯ ಹೆಂಗಸರು ಹಿಡಿಶಾಪ ಹಾಕಿದರು. ಅಧಿಕಾರಿ ಮಾತ್ರ ಮೂರು ತಿಂಗಳ ಗಡುವು ಬರೆದುಕೊಟ್ಟು ಹೋದರು.

ಮರಳು ಬದಲಾಯಿತು, ಗುಂಡಿ ಆಳವಾಯಿತು, ಗಡುವಿನೊಳಗೆ ಅನುಮತಿ ಬಂತು. ಪುಟ್ಟರಾಜು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಅದರಲ್ಲಿ ನಿಮ್ಮ ಹೆಸರಿಲ್ಲವಲ್ಲ ಎಂದು ನಾನೆಂದರೆ ಚಿಕ್ಕಬೋರಮ್ಮನಿಗೆ ನಗು.

"ಓದಾಕ್ ಬರ್ದೋಳ್ಗೆ ಎಸ್ರು ಯಾಕಪ್ಪ? ಮೊನ್ನೆ ಮುದ್ದಮ್ಮ ಕಾಲ್ವೇಲಿ ಕೊಡ ತುಂಬುಸ್ತಿದ್ಲು. ನನ್ ಕಂಡು, 'ಒಸಿ ಎತ್ತುಸ್ ಬಾರಕ್ಕ' ಅಂದ್ಲು. ಓಗಿ ಎತ್ತಿ ಅವ್ಳ ಸೊಂಟಕ್ಕಿಟ್ಟೆ."