ಹೊಸ್ತಿಲಾಚೆ ಕಾಲಿಟ್ಟವನಿಗೆ ಒನ್ ಮಿನಿಟ್

ನಮ್ಮ ಮನೆಯಿಂದ ನಾನು ಹೊತ್ತಿಗೆ ಸರಿಯಾಗಿ ಹೊರಟು ಎರಡು ತಿಂಗಳ ಮೇಲಾಯಿತು. ನಮ್ಮೂರು ಕೊಪ್ಪದಿಂದ ಮದ್ದೂರಿಗೆ ಹೋಗುವ ಬೆಳಗಿನ ಬಸ್ಸಿನ ಹಿಂಭಾಗ ನನಗೆ ಎಷ್ಟು ಚೆನ್ನಾಗಿ ಗೊತ್ತೋ ಮುಂಭಾಗ ಅಷ್ಟು ಗೊತ್ತಿಲ್ಲ. ಡೈರಿಯವನು ಕ್ಯಾನಿಗೆ ಮುಚ್ಚಳ ಹಾಕುವ ಹೊತ್ತಿಗೆ ನಾನಿನ್ನೂ ಹಾಲು ಹಿಡಿದುಕೊಂಡು ಓಡುತ್ತಿರುತ್ತೇನೆ. ಇದಕ್ಕೆಲ್ಲ ಕಾರಣ ಇಂಗ್ಲಿಷು. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಅದು ನನ್ನ ತಂಟೆಗೆ ಬಂದದ್ದು ಈ ಅರವತ್ತೆಂಟನೇ ವಯಸ್ಸಿನಲ್ಲಿ.

ಮೊದಲು ನಮ್ಮ ಮನೆಯ ಒಂದು ಪದ್ಧತಿ ಹೇಳಿಬಿಡುತ್ತೇನೆ. ಹೊರಟವರು ಹೊಸ್ತಿಲಾಚೆ ಕಾಲಿಟ್ಟ ಮೇಲೆ ಹಿಂದಿನಿಂದ ಯಾರೂ ತಡಿ, ನಿಂತ್ಕೊ ಅನ್ನಬಾರದು. ಬಾಯಿ ತಪ್ಪಿ ಅಂದುಬಿಟ್ಟರೆ, ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಆಮೇಲೆ ಹೋಗಬೇಕು. ಇಲ್ಲದಿದ್ದರೆ ಹೋದ ಕೆಲಸ ಕೆಡುತ್ತದೆ. ನಮ್ಮವ್ವ ಇದನ್ನು ನನ್ನ ಹೆಂಡತಿಗೆ ಒಡವೆ ಕೊಟ್ಟ ಹಾಗೆ ಕೊಟ್ಟು ಹೋದಳು. ಒಡವೆಯಾದರೂ ಪೆಟ್ಟಿಗೆಯಲ್ಲಿರುತ್ತದೆ. ಇದು ದಿನಾ ಮೈಮೇಲೆಯೇ.

ಹಿಂದೆ ಇದರಿಂದ ತೊಂದರೆಯಿರಲಿಲ್ಲ. ಎಲ್ಲರಿಗೂ ಗೊತ್ತಿದ್ದರಿಂದ ಎಲ್ಲರೂ ಬಾಯಿ ಬಿಗಿ ಹಿಡಿಯುತ್ತಿದ್ದರು. ಅಷ್ಟರಲ್ಲಿ ನನ್ನ ಸೊಸೆಗೆ ಮದ್ದೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಕೆಲಸ ಸಿಕ್ಕುವ ಹಾಗಾಯಿತು. ಬಂದವರಿಗೆ ಚೀಟಿ ಕೊಟ್ಟು, ಹೆಸರು ಕೂಗುವ ತನಕ ಕೂರಿಸುವುದು ಕೆಲಸ. ಆದರೆ ಸ್ವಲ್ಪ ಇಂಗ್ಲಿಷು ಬರಬೇಕಂತೆ. ಅವಳು ಅಡುಗೆಮನೆಯ ಕಿಟಕಿಗೆ ಫೋನು ಒರಗಿಸಿಕೊಂಡು ಕಲಿಯಲು ಶುರುಮಾಡಿದಳು. ಜನರನ್ನು ಕಾಯಿಸುವಾಗ ಏನೇನು ಹೇಳಬೇಕು ಅನ್ನುವುದೇ ಒಂದು ಪಾಠ. ಫೋನಿನಲ್ಲಿ ಒಬ್ಬಳು ಹೇಳುವುದು, ಇವಳು ಮುದ್ದೆಗೆ ಹಿಟ್ಟು ತೊಳಸುತ್ತ ಅದನ್ನೇ ಹೇಳುವುದು. ಒನ್ ಮಿನಿಟ್. ಜಸ್ಟ್ ಎ ಸೆಕೆಂಡ್. ಹೋಲ್ಡ್ ಆನ್. ಹ್ಯಾಂಗ್ ಆನ್. ಗಿವ್ ಮಿ ಎ ಮೊಮೆಂಟ್. ಇರು ಅನ್ನುವುದಕ್ಕೆ ಇಷ್ಟೊಂದು ಬೇಕಾದರೆ, ಆ ಜನ ಒಬ್ಬರನ್ನೊಬ್ಬರು ಎಷ್ಟು ಕಾಯಿಸಿರಬೇಕು ಅಂತ ನನಗೆ ಯೋಚನೆ.

ಕಲಿತದ್ದನ್ನೆಲ್ಲ ಅವಳು ನಮ್ಮ ಮೇಲೆಯೇ ಉಜ್ಜಿ ನೋಡುತ್ತಿದ್ದಳು. ಹುಲ್ಲಿಗೆ ಕೂಗುವ ಹಸುವಿಗೂ ಒನ್ ಮಿನಿಟ್, ಕಾಫಿಗೆ ಕೂತ ನನಗೂ ಒನ್ ಮಿನಿಟ್. ಹಸುವಿಗೆ ಹುಲ್ಲು ಬೇಗ ಬರುತ್ತಿತ್ತು. ಒಂದು ದಿನ ಬೇರ್ ವಿತ್ ಮಿ ಅಂದಳು. ಏನವ್ವ ಹಂಗಂದ್ರೆ ಅಂತ ಕೇಳಿದೆ.

“ನನ್ನ ಸಹಿಸ್ಕಳಿ ಅಂತ, ಮಾವ.”

“ಅದ್ನ ಬಾಯ್ಬುಟ್ಟು ಬೇರೆ ಹೇಳ್ಬೇಕೇನವ್ವ. ಅದೇ ತಾನೆ ಮಾಡ್ತಾ ಕುಂತಿರಾದು.”

ಸೊಸೆ ನಕ್ಕಳು. ಕಾಫಿ ಮಾತ್ರ ಬರಲಿಲ್ಲ.

ಇಂಗ್ಲಿಷಿನಲ್ಲಿ ತಡೆದರೆ ಪದ್ಧತಿಗೆ ಸೇರುವುದಿಲ್ಲ ಅಂತ ಮೊದಲು ನನ್ನ ಹೆಂಡತಿಯೇ ತೀರ್ಮಾನ ಮಾಡಿದ್ದಳು. ಆದರೆ ಒಂದು ಬೆಳಿಗ್ಗೆ ಹೊಸ್ತಿಲು ದಾಟಿದವನಿಗೆ ಸೊಸೆ ಒಳಗಿಂದ ಹೋಲ್ಡ್ ಆನ್ ಮಾವ ಅಂದಳು. ನಾನು ಕಿವಿಗೆ ಹಾಕಿಕೊಳ್ಳದೆ ಹೋದೆ. ಕಾಲುವೆ ಸೇತುವೆ ಹತ್ತಿರ ಸೈಕಲ್ಲು ಜಾರಿ ಅಷ್ಟೂ ಹಾಲು ಮಣ್ಣುಪಾಲಾಯಿತು. ಅವತ್ತಿನಿಂದ ಹೆಂಡತಿ ಇಂಗ್ಲಿಷನ್ನೂ ಕಾನೂನಿಗೆ ಸೇರಿಸಿದಳು. ನನ್ನ ಮಗ ಬೆಳಗಾಗುವ ಮುಂಚೆಯೇ ಕೆಲಸಕ್ಕೆ ಹೋಗಿಬಿಡುತ್ತಾನೆ, ಅವನು ಪಾರಾದ. ಸಿಕ್ಕಿಕೊಂಡವನು ನಾನು.

ಇಷ್ಟೇ ಆಗಿದ್ದರೆ ಹೇಳುತ್ತಿರಲಿಲ್ಲ. ನಮ್ಮ ಮೊಮ್ಮಗಳ ವಿಷಯಕ್ಕೆ ಬರಬೇಕು.

ಮೊಮ್ಮಗಳಿಗೆ ನಾಲ್ಕು ತುಂಬುತ್ತ ಬಂದಿದ್ದರೂ ಮಾತಿರಲಿಲ್ಲ. ಕಿವಿ ಚೆನ್ನಾಗಿದೆ, ಕಣ್ಣಲ್ಲೇ ಎಲ್ಲ ಹೇಳುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. ಮಂಡ್ಯದಲ್ಲಿ ಮಾತು ಕಲಿಸುವ ಒಬ್ಬರು ಮೇಡಂ ಹತ್ತಿರ ತಿಂಗಳಿಗೆರಡು ಸಲ ಕರೆದುಕೊಂಡು ಹೋಗುತ್ತಿದ್ದೆವು. ಅವರು ನನ್ನನ್ನೇ ಬೈದರು. “ತಾತ, ಅವಳು ಕೇಳೋಕೆ ಮುಂಚೇನೇ ನೀವು ಎಲ್ಲಾ ತಂದುಕೊಟ್ರೆ ಅವಳಿಗೆ ಮಾತು ಯಾಕೆ ಬೇಕು? ಸ್ವಲ್ಪ ಕಾಯಿರಿ.” ಕಾಯಬೇಕಂತೆ. ಮಗು ಬಾಳೆಹಣ್ಣಿನ ಕಡೆ ನೋಡಿದ ತಕ್ಷಣ ನನ್ನ ಕೈ ಸಿಪ್ಪೆ ಸುಲಿದಿರುತ್ತದೆ. ನಾನೇನು ಮಾಡಲಿ?

ಒಂದು ದಿನ ಬೆಳಿಗ್ಗೆ ಹಾಲು ಹಿಡಿದು ಆಚೆ ಕಾಲಿಟ್ಟಿದ್ದೆ. ಹಿಂದಿನಿಂದ ಒನ್ ಮಿನಿಟ್ ಅಂತ ಕೇಳಿಸಿತು. ಈ ಸೊಸೆಗೆ ಇವತ್ತು ಎರಡು ಮಾತು ಅಂದೇ ಬಿಡೋಣ ಅಂತ ತಿರುಗಿದೆ. ಸೊಸೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದದ್ದು ಮೊಮ್ಮಗಳು.

ಹಾಲು ಅಲ್ಲೇ ಕೆಳಗಿಟ್ಟೆ. ಹೆಂಡತಿ ನೀರಿನ ಲೋಟ ಹಿಡಿದು ಬಂದಳು. ಮಗು ಮಾತಾಡಿದರೂ ಪದ್ಧತಿ ಬಿಡಲಿಲ್ಲ. “ಕುಂತ್ಕಳಿ ಮೊದ್ಲು,” ಅಂದಳು. ಕೂತೆ. ಮಗು ಬಂದು ತೊಡೆಯೇರಿ, ನಾನು ನೀರು ಕುಡಿಯುವುದನ್ನು ಕೊನೆಯ ಗುಟುಕಿನ ತನಕ ನೋಡಿತು. ಆ ದಿನ ಡೈರಿ ಮುಚ್ಚಿತ್ತು. ಹಾಲು ವಾಪಸ್ಸು ಬಂತು. ಹೆಂಡತಿ ಅಷ್ಟಕ್ಕೂ ಪಾಯಸ ಮಾಡಿ ಬೀದಿಗೆಲ್ಲ ಕೊಟ್ಟಳು. ನಾನು ಬಸ್ ಸ್ಟಾಂಡಿನಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ ನಮ್ಮ ಮಗು ಮಾತಾಡಿತು ಅಂತ ಹೇಳಿಕೊಂಡು ತಿರುಗಿದೆ.

ಆಮೇಲೆ ಶುರುವಾಯಿತು ನೋಡಿ. ಚಪ್ಪಲಿಯ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿಬರುತ್ತಾಳೆ. ಕಾಲು ಆಚೆ ಬೀಳುವ ತನಕ ಸುಮ್ಮನಿದ್ದು, ಬಿದ್ದ ತಕ್ಷಣ ಜಸ್ಟ್ ಎ ಸೆಕೆಂಡ್. ಒಳಗೆ ಬಾ, ಚಪ್ಪಲಿ ಬಿಡು, ಕೂರು, ನೀರು ಕುಡಿ. ಎದ್ದು ಹೋದರೆ ಹ್ಯಾಂಗ್ ಆನ್. ಮತ್ತೆ ನೀರು. ಬಂಡೂರಿನಲ್ಲಿ ಒಂದು ಕುರಿಮರಿ ನೋಡಿಟ್ಟಿದ್ದೆ, ನಾನು ಹೋಗುವಷ್ಟರಲ್ಲಿ ಬೇರೆಯವರು ಹೊಡೆದುಕೊಂಡು ಹೋಗಿದ್ದರು. ಬೆಳಕವಾಡಿಯ ನೆಂಟರ ಮನೆಯ ತಿಥಿಗೆ, ಎಲೆ ಎತ್ತುವ ಹೊತ್ತಿಗೆ ತಲುಪಿದೆ. ಬಸ್ಸಿನಲ್ಲಿ ಹೊಟ್ಟೆಯೊಳಗೆ ನೀರು ಕುಲುಕುತ್ತದೆ. ಬೈಯೋಣವೆಂದರೆ ಯಾರನ್ನು ಬೈಯಲಿ?

ಆದರೆ ಸೊಸೆಯ ಮುಖ ಮಾತ್ರ ಬಾಡಿತ್ತು. ಮೇಡಂಗೆ ಫೋನಿನಲ್ಲಿ ಹೇಳಿದಾಗ ಅವರು ಕುಣಿದಾಡಲಿಲ್ಲವಂತೆ. ಫೋನು ಅಂದದ್ದನ್ನು ಮಗು ಅರ್ಥವಿಲ್ಲದೆ ಒಪ್ಪಿಸುತ್ತಿರಬಹುದು, ಹಾಗಾದರೆ ಅದು ಮಾತಲ್ಲ, ಕರೆತನ್ನಿ, ನೋಡಿ ಹೇಳುತ್ತೇನೆ ಅಂದರಂತೆ. ಈ ಜೂನಿನಲ್ಲಿ ಎಲ್ಲ ಮಕ್ಕಳ ಜೊತೆ ಶಾಲೆಗೆ ಹಾಕಬಹುದೋ, ಇನ್ನೊಂದು ವರ್ಷ ಕಾಯಬೇಕೋ ಅನ್ನುವುದೂ ಅವರ ಮಾತಿನ ಮೇಲೆಯೇ ನಿಂತಿತ್ತು. ಸೊಸೆ ಆ ರಾತ್ರಿ ಊಟ ಮಾಡಲಿಲ್ಲ. ತಾನು ಫೋನು ಹಾಕಿಕೊಂಡು ಕಲಿತದ್ದೇ ತಪ್ಪಾಯಿತೇನೋ ಅಂತ ಕೊರಗು.

ಗುರುವಾರ ಎಲ್ಲರೂ ಮಂಡ್ಯಕ್ಕೆ ಹೋದೆವು. ಹೆಂಡತಿ, ಸೊಸೆ ಆಚೆ ಬೆಂಚಿನಲ್ಲಿ ಕೂತರು. ಮಗುವಿನ ಜೊತೆ ನಾನು ಒಳಗೆ. ಮೇಡಂ ಗೊಂಬೆ ಹಿಡಿದರು, ಚೆಂಡು ಉರುಳಿಸಿದರು, ಗುಳ್ಳೆ ಊದಿದರು. ಮಗು ತುಟಿ ಬಿಚ್ಚಲಿಲ್ಲ. ಅರ್ಧ ಗಂಟೆ ಹೀಗೇ ಹೋಯಿತು. ನನಗೆ ತಡೆಯಲಾಗಲಿಲ್ಲ. ಮನೆಯಲ್ಲಿ ದಿನಾ ನನ್ನ ಕಾಲು ಕಟ್ಟಿಹಾಕುವವಳು ಇಲ್ಲಿ ಒಂದು ಮಾತಾಡಬಾರದಾ. “ಹೇಳಮ್ಮೀ, ಒನ್ ಮಿನಿಟ್ ಅನ್ನು,” ಅಂತ ನಾನೇ ಶುರುಮಾಡಿದೆ. ನೀವೇ ಹೇಳಿಕೊಟ್ಟರೆ ನನಗೆ ಏನು ತಿಳಿಯುತ್ತದೆ, ಸ್ವಲ್ಪ ಆಚೆ ಇರಿ ತಾತ, ಅಂದರು ಮೇಡಂ.

ಎದ್ದೆ. ಮೈಯೆಲ್ಲ ಬೇಸರ. ಒಂದು ವರ್ಷ ಹೋಯಿತು ಅಂದುಕೊಂಡೆ. ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಆಚೆ ಕಾಲಿಟ್ಟೆ.

“ಒನ್ ಮಿನಿಟ್, ತಾತ.”

ತಾತ ಅನ್ನುವುದು ಯಾವ ಫೋನಿನ ಪಾಠದಲ್ಲೂ ಇರಲಿಲ್ಲ. ಅದನ್ನು ನಾನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಭ್ಯಾಸಬಲ, ಚಪ್ಪಲಿ ಬಿಟ್ಟು ಒಳಗೆ ಬಂದು ಆ ಪುಟ್ಟ ಕುರ್ಚಿಯ ಮೇಲೆ ಕೂತುಬಿಟ್ಟೆ. ಮೇಡಂ ಏನೂ ತಿಳಿಯದೆ ನನ್ನನ್ನೇ ನೋಡುತ್ತಿದ್ದರು. ಮಗು ನಮ್ಮ ಚೀಲದ ಹತ್ತಿರ ಹೋಗಿ ಬಾಟ್ಲಿಯನ್ನು ಎರಡೂ ಕೈಯಲ್ಲಿ ಎಳೆದು ತಂದು ನನ್ನ ಮೊಣಕಾಲಿಗೆ ತಾಗಿಸಿತು.

“ನೀರು,” ಅಂದಳು. ನಾನು ಸುಮ್ಮನೆ ಅವಳ ಮುಖ ನೋಡುತ್ತಿದ್ದದ್ದಕ್ಕೆ ಅವಳಿಗೆ ಸಿಟ್ಟು ಬಂತು. “ಕುಡಿ.”

ಕುಡಿದೆ. ಆಮೇಲೆ ಮೇಡಂ ಕೇಳಿದ್ದಕ್ಕೆ ನಮ್ಮ ಮನೆಯ ಪದ್ಧತಿಯನ್ನು ಮೊದಲಿಂದ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ತಾನು ಒಂದು ಮಾತಾಡಿದರೆ ಇಷ್ಟು ದೊಡ್ಡ ಮನುಷ್ಯ ತಿರುಗಿ ಬಂದು ಕೂರುತ್ತಾನೆ ಅಂತ ಅವಳಿಗೆ ಗೊತ್ತಾಗಿದೆ, ಇದು ಒಪ್ಪಿಸುವುದಲ್ಲ, ಮಾತೇ, ಜೂನಿನಲ್ಲಿ ಶಾಲೆಗೆ ಹಾಕಿ, ಆದರೆ ಇಲ್ಲಿಗೆ ಬರುವುದನ್ನು ಬಿಡಬೇಡಿ ಅಂದರು.

ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತಿದ್ದ ಇಬ್ಬರಿಗೆ ಹೇಳಬೇಕಲ್ಲ. ಓಡಿದೆ. ಬಾಗಿಲಾಚೆ ಕಾಲು ಬಿತ್ತು.

“ಜಸ್ಟ್ ಎ ಸೆಕೆಂಡ್.”

ಮತ್ತೆ ಒಳಗೆ ಬಂದೆ, ಚಪ್ಪಲಿ ಬಿಟ್ಟೆ, ಕೂತೆ. ಆಚೆಯಿಂದ ಹೆಂಡತಿ, ಏನಂದ್ರು, ಬಂದು ಹೇಳ್ಬಾರ್ದಾ ಅಂತ ಕೂಗುತ್ತಿದ್ದಳು. ಇಂಗ್ಲಿಷನ್ನೂ ಕಾನೂನಿಗೆ ಸೇರಿಸಿದವಳು ಅವಳೇ, ಅವಳೇ ಅನುಭವಿಸಲಿ ಅಂತ ನಿಧಾನವಾಗಿ ಕುಡಿದೆ. ಬಾಟ್ಲಿ ಅಲ್ಲಿಗೇ ಖಾಲಿಯಾಯಿತು. ಮದ್ದೂರಿನ ಎರಡು ಬಸ್ಸು ನಮ್ಮನ್ನು ಬಿಟ್ಟು ಹೋದವು.